ಅರವತ್ತಾರನೆಯ ಕಾಲು

ಬಸ್ಸಿಗೆ ನೂರು ಕಾಲೇ ಯಾಕೆ ಆರಿಸಿದಿರಿ ಎಂದು ಕೇಳುತ್ತಾರೆ.
ಆರಿಸಲಿಲ್ಲ.
ವಿಚಿಟಾದ ವಿಮಾನ ಕಾರ್ಖಾನೆ ಗುಜರಿಗೆ ಹಾಕಿದ ಸಾಕೆಟ್ಟುಗಳು
ಒಂದು ಪೀಪಾಯಿ ಸಿಕ್ಕವು,
ತೂಕದ ಲೆಕ್ಕದಲ್ಲಿ, ಆಲೂಗಡ್ಡೆಯ ಹಾಗೆ.
ನಲವತ್ತನಾಲ್ಕು ಕಾಲಿನ ಹೊಸದಕ್ಕೆ ನಾಲ್ಕು ಡಾಲರು.
ಈ ಜರಿಹುಳುಗಳಿಗೆ ಮೂವತ್ತು ಸೆಂಟೂ ಬೀಳಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ.
ನಮಗೆ ಕಾಲೇ ಮೊದಲು ಬಂದವು,
ಹಾಸಿಗೆ ಆಮೇಲೆ ಹೊಲಿದೆವು.

ಆರಿನ್ ಟೆಸ್ಕಿ ಗೋಧಿ ಸೊಸೈಟಿಯ ಕ್ಯಾಲೆಂಡರ್ ಮಗುಚಿ ಬರೆದ:
ವಿಳಾಸಕ್ಕೆ ಹದಿನಾರು. ಡೇಟಾ ಒಳಗೆ ಬರಲು ಎಂಟು,
ಹೊರಗೆ ಹೋಗಲು ಬೇರೆ ಎಂಟು.
"ಒಂದೇ ಬಾಗಿಲು ಸಾಲದೇ?" ಅಂದೆ.
"ಕಾಲು ದಂಡಿಯಾಗಿ ಬಿದ್ದಿವೆಯಲ್ಲ, ವರ್ನಾ."
ಗಡಿಯಾರದ ಬಡಿತಕ್ಕೊಂದು, 'ತಾಳು' ಅನ್ನುವುದಕ್ಕೊಂದು,
'ಈಗ ನನ್ನ ಮಾತು ಕೇಳು' ಅನ್ನುವುದಕ್ಕೆ ಎಂಟು.
ರಾತ್ರಿ ಎರಡಾದರೂ ಮುಗಿಯಲಿಲ್ಲ.
ನಿದ್ದೆಗಣ್ಣಲ್ಲಿ ಎಂಟು ವೋಲ್ಟಿನ ಪಕ್ಕದಲ್ಲೇ ಹದಿನಾರನ್ನು ಕೂರಿಸಿದ.
ನೋಡಿದೆ. ಸುಮ್ಮನಿದ್ದೆ.
ಇಪ್ಪತ್ತೊಂದು ಉಳಿದವು.
"ಮುಂದೆ ಬರುವವರಿಗೆ ಇರಲಿ" ಎಂದು
ಖಾಲಿ, ಖಾಲಿ, ಖಾಲಿ ಎಂದು ಬರೆದು ಪೆನ್ಸಿಲ್ ಇಟ್ಟ.

ಆ ಖಾಲಿಗಳಿಗೂ ನಾನು ಬೆಸುಗೆ ಹಾಕಿದೆ, ಒಂದೂ ಬಿಡದೆ.
ಒಂದು ಹಲಗೆಗೆ ಸಾವಿರದ ಎಂಟುನೂರು ಚುಕ್ಕಿ.
ಬೆರಳ ತುದಿ ಇವತ್ತಿಗೂ ಒರಟು.

ಬಂದರು.
ಮುಂದಿನ ಮಾರ್ಚಿಗೆಲ್ಲ ಮುಖವೇ ನೋಡದ ಜನ
ನಮ್ಮ ಪೆಟ್ಟಿಗೆಗೆ ಕಾರ್ಡು ಮಾಡಿ ಮಾರುತ್ತಿದ್ದರು.
ಡುಲೂತ್‌ನ ಒಬ್ಬ ಮೆಮೊರಿ ಮಾಡಿದ,
ಸ್ಪೋಕೇನ್‌ನ ಒಬ್ಬ ಶಾಲಾ ಮೇಡಂ ಟೇಪಿನದು.
ಇಬ್ಬರೂ ಹಿಡಿದದ್ದು ಅರವತ್ತಾರನ್ನೇ.
ಖಾಲಿ ಸೀಟು ಕಂಡರೆ ಯಾರು ನಿಂತಿರುತ್ತಾರೆ?

ಹಚಿನ್‌ಸನ್‌ನ ದನದ ಡಾಕ್ಟರು ಉನ್ರು ಎರಡನ್ನೂ ಕೊಂಡು
ಒಂದೇ ಬಸ್ಸಿಗೆ ಹತ್ತಿಸಿದರು.
ಒಂದು ಕಾರ್ಡು ಆ ತಂತಿಯಲ್ಲಿ 'ಹೂಂ' ಅಂದಿತು,
ಅದೇ ಗಳಿಗೆಯಲ್ಲಿ ಇನ್ನೊಂದು 'ಊಹೂಂ'.

ಪೆಟ್ಟಿಗೆಯನ್ನು ಟ್ರಕ್ಕಿನಲ್ಲಿ ತಂದರು. ಸುಟ್ಟ ವಾಸನೆ.
ಸಿಟ್ಟಿರಲಿಲ್ಲ. ಒಂದೇ ಪ್ರಶ್ನೆ:
"ಈ ಕಾಲು ಯಾರದು?"
ಆರಿನ್ ನನ್ನ ಕಡೆ ನೋಡಿದ, ನಾನು ಕ್ಯಾಲೆಂಡರಿನ ಕಡೆ.
"ಎಲ್ಲರದು" ಎಂದ ಅವನು, ತಡವಾಗಿ.
"ಹಾಗಾದರೆ ಯಾರನ್ನೂ ಬೈಯುವ ಹಾಗಿಲ್ಲ" ಎಂದು
ಡಾಕ್ಟರು ಜೇಬಿನಿಂದ ಗೊರಸು ಕೆತ್ತುವ ಚಾಕು ತೆಗೆದು
ಟೇಪಿನ ಕಾರ್ಡಿನ ಅಂಚಿನಲ್ಲಿ ಒಂದೇ ಒಂದು ತಾಮ್ರದ ಬೆರಳನ್ನು
ಕರುವಿಗೆ ನೋವಾಗದ ಹಾಗೆ ಕೆರೆದು ತೆಗೆದರು.

ಸುಟ್ಟ ಚಿಪ್ಪು ಬದಲಿಸಿದೆ. ಎರಡು ಡಾಲರು.
ತೆಗೆದುಕೊಳ್ಳಲಿಲ್ಲ.