ಎದುರು ಸಾಲಿನ ಕರೆಂಟು

ಮೊದಲು ಹೋದದ್ದು ಕರೆಂಟಲ್ಲ, ಗುಲ್‌ಮೊಹರ್.
ಮೇ ತಿಂಗಳ ಹೂವನ್ನೆಲ್ಲ ಹೊತ್ತುಕೊಂಡೇ
ಎದುರು ಗೇಟಿನ ಮುಂದೆ ನಿಂತ ನಮ್ಮ ಆಲ್ಟೊದ ಮೇಲೆ ಮಲಗಿತು.
ಬೀಳುವಾಗ ತಂತಿಯ ಕೈ ಬಿಡಲಿಲ್ಲ.
ಆಮೇಲೆ ಒಂದು ನೀಲಿ ಬೆಳಕು, ಢಂ ಅಂತ ಸದ್ದು.
ಟ್ರಾನ್ಸ್‌ಫಾರ್ಮರು ಹೇಳಬೇಕಾದ್ದನ್ನು ಹೇಳಿ ಮುಗಿಸಿತು.

ಲಿಂಗರಾಜಪುರದ ಈ ಅಡ್ಡರಸ್ತೆಯ ಅಗಲ
ಹದಿನೆಂಟು ಅಡಿ.
ಆ ಸಾಲಿಗೆ ಬೇರೆ ಕಂಬ, ಬೇರೆ ಫೀಡರು,
ಅರ್ಧ ಗಂಟೆಯಲ್ಲಿ ಬಂತು ಅವರಿಗೆ.
ನಮಗೆ ಮೂರು ರಾತ್ರಿ.

ಮೊದಲ ರಾತ್ರಿ ಒಂಥರಾ ಹಬ್ಬ.
ಕೆಳಗಿನ ಮನೆಯವರು ಕರಗುವ ಮೊದಲೇ ಐಸ್‌ಕ್ರೀಮು ಹಂಚಿದರು,
ಟೆರೇಸಿನ ಮೇಲೆ ಒದ್ದೆ ಚಾಪೆ, ಒದ್ದೆ ಜೋಕು.
ಇವತ್ತು ನಕ್ಷತ್ರ ಕಾಣುತ್ತವೆ ಅಂದರು ಯಾರೋ.
ಕಾಣಲಿಲ್ಲ. ಮೋಡ.
ಮೋಡದ ಕೆಳಗೆ ಎದುರುಮನೆಯ ಟ್ಯೂಬ್‌ಲೈಟು.

ಎರಡನೆಯ ದಿನ ಹಬ್ಬ ಹಳಸಿತು.
ದೋಸೆ ಹಿಟ್ಟು ಡಬ್ಬಿಯ ಮುಚ್ಚಳ ಎತ್ತಿ ಹೊರಗೆ ಇಣುಕಿತು.
ಸಂಪಿನಲ್ಲಿ ನೀರಿದೆ, ಮೋಟಾರಿಗೆ ಜೀವವಿಲ್ಲ;
ಪೇಂಟಿನ ಡಬ್ಬಿಗೆ ಹಗ್ಗ ಕಟ್ಟಿ ಸೇದಿ
ಮೂವತ್ತಾರು ಮೆಟ್ಟಿಲು ಹೊತ್ತೆ,
ಮೆಟ್ಟಿಲಿಗೊಂದು ಗುಟುಕು ಕುಡಿಸುತ್ತ.
ನಿಮ್ಮ ಕರೆ ನಮಗೆ ಅಮೂಲ್ಯ ಅಂದಳು ಫೋನಿನವಳು,
ಅಂದು ಅಂದು ಹದಿನಾಲ್ಕು ಪರ್ಸೆಂಟ್ ಬ್ಯಾಟರಿ ತಿಂದಳು.
ಕೈಗೆ ಮಾತ್ರ ಬುದ್ಧಿ ಬರಲಿಲ್ಲ:
ಬಚ್ಚಲಿಗೆ ಹೋದಾಗಲೆಲ್ಲ ಸ್ವಿಚ್ಚು ಒತ್ತುತ್ತದೆ.

ಆ ರಾತ್ರಿ ಅತ್ತೆಗೆ ದಮ್ಮು ಕೆರಳಿತು.
ಥಂಡಿ, ಗೋಡೆಯ ಬೂಸಲು, ವಯಸ್ಸು.
ಎದೆಯೊಳಗೆ ತುಕ್ಕು ಹಿಡಿದ ಗೇಟೊಂದನ್ನು
ಯಾರೋ ತೆಗೆಯುತ್ತಾರೆ, ಹಾಕುತ್ತಾರೆ, ತೆಗೆಯುತ್ತಾರೆ.
ನೆಬ್ಯುಲೈಜರಿನ ಪ್ಲಗ್ಗು ಹಿಡಿದು ನಿಂತಿದ್ದೇನೆ,
ಗೋಡೆಯ ಮೂರು ತೂತಿನಲ್ಲಿ ಏನೂ ಇಲ್ಲ.

ಎದುರುಮನೆ ಜಸಿಂತಾಬಾಯಿಗೂ ನಮಗೂ
ನಾಲ್ಕು ವರ್ಷದಿಂದ ಮಾತಿಲ್ಲ.
ಕಾರಣ, ಅವರ ಗೇಟಿನ ಮುಂದಿನ ಆಲ್ಟೊ,
ಆಲ್ಟೊದ ಗಾಜಿಗೆ ಅವರು ಅಂಟಿಸಿದ ಚೀಟಿ,
ಚೀಟಿಯ ಭಾಷೆ,
ಆ ಭಾಷೆಗೆ ನಾನು ಕೊಟ್ಟ ಉತ್ತರ.
ಹೋಗಿ ಕೇಳಲೇ, ಬೇಡವೇ ಎಂದು
ಚಪ್ಪಲಿ ಹುಡುಕುವಷ್ಟರಲ್ಲಿ
ಟೀವಿ ಇಲ್ಲದ, ಫ್ಯಾನಿಲ್ಲದ ಆ ನಿಶ್ಶಬ್ದದಲ್ಲಿ
ಕೆಮ್ಮು ನನಗಿಂತ ಮೊದಲೇ ರಸ್ತೆ ದಾಟಿತ್ತು.

ಬಾಲ್ಕನಿಯಲ್ಲಿ ಅವರು, ನೈಟಿಯಲ್ಲಿ,
ಕ್ರಿಸ್‌ಮಸ್ ನಕ್ಷತ್ರ ತೂಗುಹಾಕುವ ಉದ್ದ ವಯರು ಕೈಯಲ್ಲಿ.
ವಯರಿನ ತುದಿಗೆ ದಾರ, ದಾರದ ತುದಿಗೆ ಕಾಲುಚೀಲ,
ಕಾಲುಚೀಲದಲ್ಲಿ ತೂಕಕ್ಕೆ ಒಂದು ಈರುಳ್ಳಿ.
"ಹಿಡೀರಿ" ಅಂದರು. ನಾಲ್ಕು ವರ್ಷದ ಮೊದಲ ಮಾತು.
ಮೊದಲ ಎಸೆತ ಕೊಂಬೆಗೆ ಸಿಕ್ಕಿತು.
ಎರಡನೆಯದು ನೆಟ್ಟಗೆ ಆಲ್ಟೊದ ಮೇಲೆ,
ಬೇಕೆಂದೇ ಇರಬೇಕು.
ಮೂರನೆಯದು ಹಿಡಿದೆ.

ಯಂತ್ರ ಗುಂಯ್ ಎಂದಿತು. ಅತ್ತೆಯ ಮುಖದ ಸುತ್ತ ಹೊಗೆ.
ನಡುರಾತ್ರಿ ಯಂತ್ರ ನಿಂತಾಗಲೆಲ್ಲ ಆ ಕತ್ತಲೆಯಾಚೆಯಿಂದ
"ಉಂಟಾ?"
"ಇದೆ."
ಮತ್ತೆ ನಾಲ್ಕಕ್ಕೆ,
"ಉಂಟಾ?"
"ಇದೆ."
ಕರೆಂಟನ್ನು ಕೇಳಿದರೋ, ಉಸಿರನ್ನೋ,
ನಾನು ವಿಚಾರಿಸಲಿಲ್ಲ.

ಮೂರನೆಯ ರಾತ್ರಿ ಎರಡು ಗಂಟೆಗೆ
ಸಿಂಧನೂರಿನ ಲೈನ್‌ಮನ್ ಬಸಲಿಂಗ ಏಣಿ ತಂದ.
ಎರಡು ದಿನದ ನಿದ್ದೆ ಅವನ ಕಣ್ಣಲ್ಲಿ ಕೆಂಪಗೆ.
"ತಡೀರಿ ಅಕ್ಕಾರ, ಗಿಡಾ ಇನ್ನೂ ವಯರ್ ಬಿಟ್ಟಿಲ್ಲ."
ಗರಗಸ, ಬೈಗುಳ, ಎರಡು ಲೋಟ ಚಹಾ,
ಆಮೇಲೆ ಎಲ್ಲ ಒಟ್ಟಿಗೆ:
ಟೀವಿ ಬಿಟ್ಟಲ್ಲಿಂದ ಕೂಗಿತು,
ಮಿಕ್ಸಿ ಖಾಲಿ ಹೊಟ್ಟೆಯಲ್ಲಿ ತಿರುಗಿತು.
ಬಚ್ಚಲ ದೀಪ ಮಾತ್ರ ಹತ್ತಲಿಲ್ಲ,
ಒತ್ತಿ ಒತ್ತಿ ಲೆಕ್ಕ ಸಮವಾಗಿತ್ತು.

ಬೆಳಿಗ್ಗೆ ವಯರು ಸುತ್ತಿ, ಕಾಲುಚೀಲ ಒಗೆದು
ಕೊಡಲು ಹೋದೆ. ಈರುಳ್ಳಿ ಉಪ್ಪಿಟ್ಟಿಗೆ ಹಾಕಿಯಾಗಿತ್ತು.
ಜಸಿಂತಾಬಾಯಿ ವಯರು ತಗೊಂಡು, ಅತ್ತೆಯನ್ನು ವಿಚಾರಿಸಿ,
ಅರ್ಧ ಮರದ ಕೆಳಗಿನ ಆಲ್ಟೊ ನೋಡಿದರು.
"ಅದು ಇನ್ನೂ ಅಲ್ಲೇ ಉಂಟಲ್ಲ" ಅಂದರು.

"ಇದೆ" ಅಂದೆ.