ಕಿವಿ ಹಿಂಡುವ ಪೆಟ್ಟಿಗೆ

ಗ್ರಿಮ್ಸ್‌ಬಿ ಬಂದರಿನ ಬೆನ್ನಿಗೆ ಐದಂಗಡಿಗಳ ಒಂದು ಸಾಲು.
ಮೊದಲನೆಯದು ಮೀನು ಕರಿಯುವವರದು,
ಕೊನೆಯದು ಯೋಗರಾಜನ್ನರ ದಿನಸಿ,
ನಡುವೆ ಎರಡಕ್ಕೆ ಹಲಗೆ ಬಡಿದು ವರ್ಷಗಳಾದವು.
ನನ್ನ ಗಸ್ತು ಇಷ್ಟೇ.
ಲಾಠಿಯಿಲ್ಲ, ಕೋಳವಿಲ್ಲ,
ಹಳದಿ ಜಾಕೆಟ್ಟು, ನೋಟ್‌ಬುಕ್ಕು,
ಒದ್ದೆ ಕಾಗದದ ಮೇಲೂ ಮೂಡುವ ಪೆನ್ಸಿಲ್ಲು.

ಎರಡನೇ ವಾರ ಮಿಸೆಸ್ ಸ್ಕಾಟರ್ ತೋಳು ಹಿಡಿದು ನಿಲ್ಲಿಸಿದರು.
ಆ ಬೆಂಚಿನ ಮೇಲೆ ಹುಡುಗರು ಕೂತಿರುತ್ತಾರೆ.
ಕೂತು ಏನು ಮಾಡುತ್ತಾರೆ?
ಕೂತಿರುತ್ತಾರೆ.
ಹಾಗೇ ಬರೆದುಕೊಂಡೆ: ತಾರೀಖು, ಗಂಟೆ, ಕೂತಿರುತ್ತಾರೆ.

ನಗಬೇಡಿ. ಬರೀ ಕೂರುತ್ತಿರಲಿಲ್ಲ ಅವರು.
ಬಸ್ ನಿಲ್ದಾಣದ ಗಾಜು ಮೂರು ಸಲ ಪುಡಿಯಾಯಿತು.
ರಾತ್ರಿ ಒಂದಕ್ಕೆ ಸೈಲೆನ್ಸರ್ ಕಿತ್ತ ಮೊಪೆಡ್ಡು.
ಅಕ್ಟೋಬರಿನಲ್ಲಿ ಅವರ ಅಂಚೆಕಂಡಿಯೊಳಗೆ
ಉರಿಯುವ ಪಟಾಕಿಯೊಂದು ಬಿತ್ತು.
ಕಂಡಿಗೆ ಮೊಳೆ ಹೊಡೆಸಿದರು. ಕಾಗದಗಳೆಲ್ಲ ಈಗ
ಯೋಗರಾಜನ್ನರ ಗಲ್ಲೆಯ ಪಕ್ಕಕ್ಕೆ ಬರುತ್ತವೆ.
ಬಾಗಿಲಿಗೆ ಕುರ್ಚಿ ಒರಗಿಸಿ, ಅದರಲ್ಲೇ ಕೂತು
ಬೆಳಕು ಹರಿಸಿದ್ದಾರೆ ಎಂಬತ್ತೊಂದರ ಹೆಂಗಸು.
ಡೆನ್‌ಜಿಲ್‌ನನ್ನು ಕೇಳಿದರೆ, ನಾನಲ್ಲ ಅಂದ.
ಟೀಗನ್ ನೆಲ ನೋಡಿದಳು.

ಚರ್ಚಿನ ಹಾಲಿನಲ್ಲಿ ಸಭೆ ಸೇರಿತು,
ಹನ್ನೊಂದು ಮಂದಿ, ಮೆತ್ತಗಾದ ಬಿಸ್ಕತ್ತು.
ಬೆಂಚು ಕೀಳಿಸುವುದೆಂದಾಯಿತು.
ಗೋಡೆಗೆ ಪೆಟ್ಟಿಗೆ ಹಾಕಿಸುವುದೆಂದಾಯಿತು.

ಬೂದು ಬಣ್ಣ, ಮುಷ್ಟಿಯಷ್ಟೇ ಗಾತ್ರ.
ಎಳೆಯ ಕಿವಿಗಷ್ಟೇ ಕೇಳುವ ಕೀರಲು;
ಇಪ್ಪತ್ತೈದರ ಆಚೆಗೆ ಬರೀ ಗಾಳಿ.
ಒಬ್ಬರ ಮಕ್ಕಳ ಕಿವಿ ಇನ್ನೊಬ್ಬರು ಹಿಂಡುವ ಕಾಲ ಹೋಯಿತಲ್ಲ,
ಆ ಕೆಲಸ ಇದಕ್ಕೆ ವಹಿಸಿದೆವು.
ಕೈ ಸೋಕುವುದಿಲ್ಲ. ಹೆಸರು ಕೇಳುವುದಿಲ್ಲ.

ಸಾರ್ಜೆಂಟ್ ಪಿಕರ್ಸ್‌ಗಿಲ್ ಅದರಡಿಯೇ ನಿಂತು
ಸಾಸೇಜ್ ರೋಲ್ ಮುಗಿಸಿ ಕೇಳಿದರು: ಶುರುವಾಗಿದೆಯಾ?
ನನಗಾಗ ಇಪ್ಪತ್ತೆರಡು.
ದವಡೆ ಹಲ್ಲಿನ ಬೇರಿಗೆ ಸೂಜಿ ಚುಚ್ಚಿದಂತಿತ್ತು.
ಆಗಿದೆ ಸಾರ್, ಅಂದೆ.
ಪಕ್ಕದ ತಳ್ಳುಗಾಡಿಯಲ್ಲಿ ಕೂಸೊಂದು ಕಿಟಾರನೆ ಕಿರುಚಿತು.
ಹಲ್ಲು ಬರ್ತಿದೆ ಅಂದಳು ತಾಯಿ.
ಇರಬಹುದು ಅಂದೆ.

ಹುಡುಗರು ಹೋದರು.
ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ.
ತಂತಿಬೇಲಿಯಾಚೆ ಪಾಳುಬಿದ್ದ ಕೋಲ್ಡ್ ಸ್ಟೋರೇಜಿಗೆ.
ಮಾರ್ಚಿನಲ್ಲಿ ಅದರ ಶೀಟು ಕುಸಿದು ಟೀಗನ್ ಬಿದ್ದಳು,
ಸೊಂಟದ ಎಲುಬು ಎರಡು ಕಡೆ.
ಅದು ನನ್ನ ಗಸ್ತಿನ ಹೊರಗೆ.
ಬೇರೆ ಯಾರದೋ ನೋಟ್‌ಬುಕ್ಕಿನಲ್ಲಿದೆ.

ಮಿಸೆಸ್ ಸ್ಕಾಟರ್‌ಗೆ ನಿದ್ದೆ ಬಂತು.
ಇದನ್ನೂ ಹೇಳಲೇಬೇಕು. ಮುಖ ತುಂಬಿಕೊಂಡಿತು.
ಔಷಧದ ಚೀಲ ಹಿಡಿದು ಬರುವಾಗ ಮಾತ್ರ
ಬೆಂಚಿದ್ದ ಜಾಗದಲ್ಲಿ ಒಮ್ಮೆ ನಿಲ್ಲುತ್ತಾರೆ,
ಸಿಮೆಂಟಿನಲ್ಲಿ ಉಳಿದ ನಾಲ್ಕು ಬೋಲ್ಟು ನೋಡುತ್ತಾರೆ,
ಯೋಗರಾಜನ್ ಹಾಲಿನ ಕ್ರೇಟು ಬೋರಲು ಹಾಕುತ್ತಾರೆ.

ಮೊನ್ನೆ ನವೆಂಬರಿನ ಸಂಜೆ
ಡೆನ್‌ಜಿಲ್‌ನ ತಂಗಿ ಅಂಗಡಿಯೆದುರು ನಿಂತಿದ್ದಳು,
ಟೋಪಿಯ ಮೇಲಿಂದ ಎರಡೂ ಕಿವಿ ಒತ್ತಿಕೊಂಡು.
ತಲೆನೋವಾ? ಅಂದೆ.
ಹುಡುಗಿ ಗೋಡೆಯತ್ತ ಗಲ್ಲ ಎತ್ತಿದಳು.
ಅದು ಕೆಟ್ಟು ಎಷ್ಟೋ ದಿನವಾಯ್ತಲ್ಲ, ಅಂದೆ.
ಪಿಕರ್ಸ್‌ಗಿಲ್‌ರನ್ನು ನೋಡುವ ಹಾಗೆ ನನ್ನ ನೋಡಿದಳು.
ಕೆಟ್ಟಿಲ್ಲ ಮಿಸ್.

ಪೆಟ್ಟಿಗೆಗೆ ಕಿವಿ ಹಚ್ಚಿ ನಿಂತೆ.
ದೋಣಿಗಂಬಕ್ಕೆ ಹಗ್ಗ ಬಡಿಯುವ ಸದ್ದು,
ಬಾಣಲೆಯಲ್ಲಿ ಎಣ್ಣೆ.
ಮತ್ತೇನಿಲ್ಲ.

ಒಳಗೆ ಹೋಗಿ, ಸ್ವಿಚ್ಚು ಯಾವುದು ಅಂದೆ.
ಯೋಗರಾಜನ್ ಕನ್ನಡಕ ಏರಿಸಿ ಬೋರ್ಡು ನೋಡಿದರು.
ಐದು ವರ್ಷದಿಂದ ಕರೆಂಟು ಬಿಲ್ಲು ನಂದು, ಅಂದರು,
ಸದ್ದು ಹೇಗಿದೆ ಅಂತ ಇವತ್ತಿಗೂ ಗೊತ್ತಿಲ್ಲ.
ಒಂದನ್ನು ಒತ್ತಿದರು. ಐಸ್‌ಕ್ರೀಮ್ ಡಬ್ಬಿ ಗುಂಯ್‌ಗುಟ್ಟುವುದು ನಿಂತಿತು.
ಹೋಯ್ತಾ? ಎಂದು ಬಾಗಿಲತ್ತ ಕೂಗಿದೆ.
ಇಲ್ಲ.
ಇನ್ನೊಂದು.
ಇಲ್ಲ.
ಮೂರನೆಯದಕ್ಕೆ ಉತ್ತರ ಬರಲಿಲ್ಲ.
ಹೊರಗೆ ಬಂದರೆ ಅವಳು ಕಿವಿಯಿಂದ ಕೈ ತೆಗೆದಿದ್ದಳು.

ಮೇಲೆ, ಮಿಸೆಸ್ ಸ್ಕಾಟರ್‌ರ ಕಿಟಕಿಯಲ್ಲಿ
ದೀಪ ಹೊತ್ತಿತು.