ಮೋಟರಿನ ಫೋನು

ಉಮದಿಯಿಂದ ಎರಡು ಹರದಾರಿ ನಮ್ಮ ವಸ್ತಿ.
ಮನ್ಯಾಗ ನಿಂತರ ಒಂದು ಕಡ್ಡಿ,
ಹಿತ್ತಲದಾಗ ಎರಡು,
ಬಾವಿ ಕಡೆ ನಡದರ ಅದೂ ಇಲ್ಲ. ಆಮ್ಯಾಲ
ಬೇವಿನ ಗಿಡ ದಾಟಿದ ಕೂಡಲೇ ಗುರ್ ಅಂತ ಒಂದು ಮೆಸೇಜು:
ಕರ್ನಾಟಕಕ್ಕೆ ಸ್ವಾಗತ.
ಬಾವಿ ನಮ್ಮದು, ಗಿಡ ನಮ್ಮದು,
ಉತಾರಾದಾಗ ಇನ್ನೂ ನಮ್ಮ ಮಾವನ ಹೆಸರು.
ಯಾರ ಹೊಲಕ್ಕ ಯಾರು ಸ್ವಾಗತ ಮಾಡತಾರೋ!
ಹುಲ್ಲಿನ ಹೊರಿ ಹೊತ್ತು ತಿರುಗಿ ಬಂದರ
ಮರಾಠಿಯೊಳಗ ಇನ್ನೊಂದು ಸ್ವಾಗತ.
ದಿನಕ್ಕ ನಾಕು ಸಲ ಬೀಗರಾಗತೀನಿ,
ಊಟಕ್ಕ ಏಳ್ರಿ ಅಂದವರು ಒಬ್ಬರೂ ಇಲ್ಲ.

ಕಂಪನಿಗೆ ಫೋನ್ ಹಚ್ಚಿದೆ.
ಮರಾಠಿಗೆ ಒಂದು, ಹಿಂದಿಗೆ ಎರಡು, ಇಂಗ್ಲಿಷಿಗೆ ಮೂರು.
ನಾಕು ಒತ್ತಿ ನೋಡಿದೆ, ಇದ್ದರ ಇದ್ದೀತು ಅಂತ.
ತಪ್ಪು ನಂಬರು, ಅಂದಳು ಒಳಗಿನಾಕಿ.
ಒಂದು ಒತ್ತಿದೆ.
ಮರಾಠಿ ನನಗ ಬರತೈತಿ,
ಬಜಾರದಾಗ, ತಲಾಠಿ ಮುಂದ, ಬೈಯೂದರಾಗ.
ಅದಽ ಹಾಡು ಮೂವತ್ತು ಸಲ ಕೇಳಿಕೋತ ಕಾಯೂದು
ಯಾವ ಭಾಷಾದಾಗೂ ಬರೂದಿಲ್ಲ.

ನನ್ನ ಕೂಡ ಕನ್ನಡದಾಗ ಮಾತಾಡೂ ಯಂತ್ರ ಒಂದಽ ಇತ್ತು:
ಬಾವಿ ದಂಡಿಯ ಸ್ಟಾರ್ಟರ ಪೆಟಿಗಿ.
ಅದರ ಹೊಟ್ಟ್ಯಾಗೂ ಒಂದು ಸಿಮ್ಮು.
ಕೂಡಿಸಾಕ ಬಂದ ಅಮಸಿದ್ಧ ಕೇಳಿದ್ದ,
ವೈನಿ, ಯಾವ ಭಾಷಾ ಇಡಲಿ?
ಅಲ್ಲಿತನಕ ಆ ಪ್ರಶ್ನಿ ನನಗ ಯಾರೂ ಕೇಳಿದ್ದಿಲ್ಲ.

ನಡುರಾತ್ರಿ ಎರಡಕ್ಕ ತ್ರೀ ಫೇಸ್ ಬಂತಂದರ
ತಾನಽ ಫೋನ್ ಮಾಡತಿತ್ತು:
‘ವಿದ್ಯುತ್ ಬಂದಿದೆ. ಮೋಟಾರ್ ಚಾಲನೆಗೆ ಒಂದನ್ನು ಒತ್ತಿರಿ. ಧನ್ಯವಾದ.’
ಸಾಲಿ ಅಕ್ಕೋರಂಗ ಅಚ್ಚ ಮಾತು,
ಬಂದೈತಿ ಅನ್ನದ ಬಂದಿದೆ ಅನ್ನೂ ಮೋಟರು.
ಹಾಸಿಗ್ಯಾಗಽ ಒಂದು ಒತ್ತಿದರ
ದೂರ ಕತ್ತಲದಾಗ ಗುಂಯ್ ಅಂತ
ದಾಳಿಂಬಿ ಬುಡಕ್ಕ ನೀರು.

ನಮ್ಮವರು ದ್ರಾಕ್ಷಿ ಗಾಡಿ ಹೊಡಕೊಂಡು ಘಾಟ ಇಳದರ
ಎರಡು ದಿನ ವ್ಯಾಪ್ತಿಯ ಹೊರಗ.
ಮೋಟರು ಒಂದು ರಾತ್ರೀನೂ ತಪ್ಪಿಸಿದ್ದಿಲ್ಲ.
ಈ ಮನ್ಯಾಗ ಧನ್ಯವಾದ ಅಂದದ್ದೂ ಅದೊಂದಽ.

ಹ್ವಾದ ತಿಂಗಳ ಟಾವರಕ್ಕ ಹೊಸಾ ಡಬ್ಬಿ ಏರಿಸಿದರು.
ಇನ್ನ ಭಾಳ ಜೋರು ಬರತೈತಿ ಅಕ್ಕಾ, ಅಂದ ಏರಿದಾವ,
ಹಳೇದು ಬಂದ್.
ಉಮದ್ಯಾಗ ಮುಜಾವರ ದುಕಾನದಾಗ
ನನ್ನ ಗುಂಡಿ ಫೋನು ಅಂಗೈಮ್ಯಾಲ ಇಟ್ಟು
ಸತ್ತ ಕೋಳಿ ತೂಗಿದಂಗ ತೂಗಿದರು.
ಹದಿಮೂರು ಸಾವಿರದ್ದು ತಂದೆ. ಹತ್ತು ಕಂತು.
ಕನ್ನಡಿಯಂಗ ಐತಿ.
ರೊಟ್ಟಿ ಬಡಿಯೂ ಕೈಲೆ ಮುಟ್ಟಿದರ ಗುರುತು ಹಿಡಿಯೂದಿಲ್ಲ.
ನೆತ್ತಿಮ್ಯಾಲ ಫೈವ್ ಜಿ ಅಂತ ಬರಕೊಂಡೈತಿ,
ಮಾತಾಡಿದರ ಅರ್ಧ ಮಾತು ಹಳ್ಳಕ್ಕ ಬೀಳತೈತಿ.
ನೀರಿನ ಟಾಕಿ ಏರಿ ಕೈ ಎತ್ತಿ ನಿಂತೆ;
ತಂಗಿ ಆಕಡಿಂದ ಐದು ಸಲ ಹಲೋ ಅಂದಳು,
ಆರನೇದು ಕೇಳಲಿಲ್ಲ.

ಮೋಟರಿಗೂ ಹೊಸಾ ಪೆಟಿಗಿ ಬೇಕಂತ.
ಫೋನಿನ ಕಂತು ತೀರಲಿ, ಅಂದೆ.

ನಿನ್ನೆ ರಾತ್ರಿ ಎರಡಕ್ಕ ಎಚ್ಚರಾತು. ರೂಢಿ.
ಕನ್ನಡಿ ಕಪ್ಪಗ ಮಲಗಿತ್ತು.
ಬ್ಯಾಟರಿ ಹಿಡಕೊಂಡು ಹೊಂಟೆ.
ಬೇವಿನ ಗಿಡದ ಹತ್ತರ, ಅದಕ್ಕೇನು ಕಮ್ಮಿ,
ಕರ್ನಾಟಕಕ್ಕೆ ಸ್ವಾಗತ.

ಪೆಟಿಗಿ ಬಾಗಿಲ ತಗದೆ. ಒಳಗ ಒಂದು ಹಲ್ಲಿ,
ಅದರ ಬಾಜೂಕ ಸಣ್ಣ ಕೆಂಪು ದೀಪ
ಹತ್ತಿ ಆರಿ, ಹತ್ತಿ ಆರಿ,
ನೆಟ್‌ವರ್ಕ್ ಹುಡುಕಾಕ ಹತ್ತಿತ್ತು.
ಎಷ್ಟು ರಾತ್ರಿಯಿಂದ ನನ್ನ ಕರ್ಯಾಕ ಹತ್ತಿತ್ತೋ.

ಹಸರು ಗುಂಡಿ ಬೆರಳಿಲೆ ಒತ್ತಿದೆ.
ಪೈಪಿನಾಗ ಕೆಮ್ಮಿಕೋತ ನೀರು ಎದ್ದಿತು.
ಬಂದೈತಿ, ಅಂದೆ ನಾ, ಪೆಟಿಗಿಗೆ.
ಕರೆಂಟು ಬಂದೈತಿ. ನಾನೂ ಬಂದೀನಿ.
ಇನ್ನೊಂದು ಮಾತು ಅನ್ನೂದಿತ್ತು,
ನಾಚಿಕಿ ಬಂತು.